ಕ್ಯಾನ್ ವೈರ್ ಮಾತು ನಿಲ್ಲಿಸಿದಾಗ: ಕಾರಿನ ನೆಟ್‌ವರ್ಕ್ ದೋಷ ಹುಡುಕುವ ನನ್ನ ಕ್ರಮ

ಅಣ್ಣ ಓಡಿಸಿದರೆ ಕಾರು ಸರಿಯಾಗಿರುತ್ತದೆ, ತಮ್ಮ ಕೂತರೆ ಸ್ಟಾರ್ಟೇ ಆಗುವುದಿಲ್ಲ. ಇಂಥದೊಂದು ದೂರು ಹೊತ್ತು ಅಣ್ಣತಮ್ಮಂದಿರಿಬ್ಬರು ನನ್ನ ಹತ್ತಿರ ಬಂದಿದ್ದರು. ತಮ್ಮ ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತವೆ, ಮುಳ್ಳುಗಳು ಸೊನ್ನೆಗೆ ಬೀಳುತ್ತವೆ, ಸೆಲ್ಫ್ ಹೊಡೆಯುವುದಿಲ್ಲ. ಅದೇ ಕಾರನ್ನು ಅಣ್ಣ ಬಂದು ಕೂತು ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಅಷ್ಟು ಹೊತ್ತಿಗೆ ಬೇರೆ ಕಡೆ ಬ್ಯಾಟರಿ ಬದಲಾಗಿತ್ತು, ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಬಿಚ್ಚಿ ರಿಪೇರಿಗೆ ಕಳಿಸಿ ತರಿಸಿದ್ದೂ ಆಗಿತ್ತು. ದೋಷ ಹಾಗೇ ಇತ್ತು.

ಆ ಕಾರನ್ನು ಹೇಗೆ ಹಿಡಿದೆ ಎಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಕೆಲಸ ಮಾಡುವ ಕ್ರಮವನ್ನು ಬರೆಯುತ್ತೇನೆ. ಇಂಜಿನ್, ಬ್ರೇಕ್, ಡ್ಯಾಶ್‌ಬೋರ್ಡ್ ಹೀಗೆ ಒಂದೊಂದಕ್ಕೂ ಮಾಡ್ಯೂಲ್ ಎಂಬ ಚಿಕ್ಕ ಕಂಪ್ಯೂಟರ್ ಇರುತ್ತದೆ, ಅವು ಪರಸ್ಪರ ಮಾತಾಡುವ ಕ್ಯಾನ್ ಎಂಬ ವೈರ್ ಜಾಲವೇ ಇಲ್ಲಿ ಹೇಳುವ ನೆಟ್‌ವರ್ಕ್. ನೆಟ್‌ವರ್ಕ್ ದೋಷದಲ್ಲಿ ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಯಾವ ಮಾಡ್ಯೂಲಿನಲ್ಲಿ ಕೋಡ್ (ಕಂಡ ದೋಷವನ್ನು ಮಾಡ್ಯೂಲ್ ಬರೆದಿಟ್ಟುಕೊಳ್ಳುವ ಸಂಖ್ಯೆ) ಸಿಕ್ಕಿತೋ ಅದನ್ನೇ ಬದಲಾಯಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಅದು. ಕೋಡ್ ಬರೆದುಕೊಂಡ ಮಾಡ್ಯೂಲ್ ದೂರು ಕೊಟ್ಟಿದೆ ಅಷ್ಟೆ. ಕೆಟ್ಟಿರುವುದು ಇನ್ನೊಂದು ಕಡೆ ಇರುತ್ತದೆ, ಬಹಳ ಸಲ ಅದು ಮಾಡ್ಯೂಲೇ ಆಗಿರುವುದಿಲ್ಲ, ಒಂದು ವೈರೋ, ವೈರನ್ನು ಕಾರಿನ ಬಾಡಿಗೆ ಬಿಗಿಯುವ ಒಂದು ಅರ್ಥ್ ಬೋಲ್ಟೋ ಆಗಿರುತ್ತದೆ.

ಕ್ಯಾನಿನ ಎರಡು ವೈರ್‌ಗಳಲ್ಲಿ ಏನು ನಡೆಯುತ್ತದೆ

ಹಿಂದೆ ಒಂದೊಂದು ಸ್ವಿಚ್ಚಿಗೂ ಒಂದೊಂದು ದೀಪಕ್ಕೂ ಬೇರೆ ಬೇರೆ ವೈರ್ ಎಳೆಯುತ್ತಿದ್ದರು. ಎಲೆಕ್ಟ್ರಾನಿಕ್ಸ್ ಹೆಚ್ಚಾದಂತೆ ಹಾರ್ನೆಸ್, ಅಂದರೆ ವೈರ್‌ಗಳ ಕಟ್ಟು, ತೋಳಿನ ದಪ್ಪವಾಗುತ್ತಾ ಹೋಯಿತು. ಜರ್ಮನಿಯ ಬಾಷ್ ಕಂಪನಿಯಲ್ಲಿ 1983ರಲ್ಲಿ ಶುರುವಾಗಿ 1986ರಲ್ಲಿ ಹೊರಬಂದ ಕ್ಯಾನ್ ಪದ್ಧತಿ ಇದಕ್ಕೆ ಉತ್ತರ ಕೊಟ್ಟಿತು. ಎಲ್ಲ ಮಾಡ್ಯೂಲ್‌ಗಳೂ ಎರಡೇ ವೈರ್ ಹಂಚಿಕೊಂಡು ಮಾತಾಡುತ್ತವೆ. ಹೀಗೆ ಹಂಚಿಕೊಂಡ ವೈರಿಗೇ ಬಸ್ ಎನ್ನುತ್ತಾರೆ. 1993ರಲ್ಲಿ ಇದು ಐಎಸ್‌ಒ 11898 ಎಂಬ ಮಾನದಂಡವಾಯಿತು. ಅಮೆರಿಕದಲ್ಲಿ 2008ರ ಮಾದರಿಯಿಂದ ಡಯಾಗ್ನೋಸ್ಟಿಕ್ ಕನೆಕ್ಟರಿನಲ್ಲಿ ಕ್ಯಾನ್ ಕಡ್ಡಾಯವಾಯಿತು. ನಮಗೆ ಇದರಿಂದ ಆದ ಉಪಕಾರವೆಂದರೆ ಡಯಾಗ್ನೋಸ್ಟಿಕ್ ಕ್ಯಾನ್ ಇರುವ ಕಾರು ಯಾವುದೇ ಇರಲಿ, ಸ್ಕ್ಯಾನರ್ ಸಿಕ್ಕಿಸುವ, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಕನೆಕ್ಟರಿನಲ್ಲಿ 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ ಆಗಿರುತ್ತದೆ. 4 ಮತ್ತು 5 ಅರ್ಥ್, 16 ಬ್ಯಾಟರಿ ಪಾಸಿಟಿವ್. ಈ ಐದು ಸಂಖ್ಯೆ ಬಾಯಿಪಾಠ ಇರಬೇಕು.

ಮಾತಿಲ್ಲದಾಗ ಎರಡೂ ವೈರ್ 2.5 ವೋಲ್ಟ್‌ನಲ್ಲಿ ನಿಂತಿರುತ್ತವೆ. ಯಾವುದಾದರೂ ಮಾಡ್ಯೂಲ್ ಮಾತಾಡಿದಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವ ಮಾಡ್ಯೂಲ್‌ಗಳು ನೋಡುವುದು ಇವೆರಡರ ನಡುವಿನ ಅಂತರವನ್ನು ಮಾತ್ರ. ಎರಡೂ ವೈರ್‌ಗಳನ್ನು ಹುರಿ ಹಾಕಿ ಹೆಣೆದಿರುವುದು ಇದಕ್ಕೇ. ಹೊರಗಿನ ತೊಂದರೆ ಬಿದ್ದರೆ ಎರಡರ ಮೇಲೂ ಸಮನಾಗಿ ಬೀಳುತ್ತದೆ, ಅಂತರ ಬದಲಾಗುವುದಿಲ್ಲ.

ಈ ಜೋಡಿಯ ಎರಡು ತುದಿಗಳಲ್ಲಿ ಒಂದೊಂದು 120 ಓಮ್ ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ ಯಾವುದೋ ಎರಡು ಮಾಡ್ಯೂಲ್‌ಗಳ ಹೊಟ್ಟೆಯೊಳಗೆ. ಸಿಗ್ನಲ್ ತುದಿಗೆ ಬಡಿದು ಹಿಂದಕ್ಕೆ ಪುಟಿಯದಂತೆ ಅವು ತಡೆಯುತ್ತವೆ. ಎರಡು 120 ಪ್ಯಾರಲಲ್ ಆದರೆ 60. ನೆಟ್‌ವರ್ಕ್ ಕೆಲಸ ಮಾಡುವವರಿಗೆ ಈ 60 ನಾಡಿಬಡಿತ ಇದ್ದ ಹಾಗೆ.

ಮಲ್ಟಿಮೀಟರ್ ಹಿಡಿಯುವ ಮುಂಚೆ

ಮೊದಲು ಗಾಡಿಯವರನ್ನು ಪ್ರಶ್ನೆ ಕೇಳಿ. ಯಾವಾಗಿನಿಂದ? ಅದಕ್ಕೆ ಹಿಂದಿನ ವಾರ ಕಾರಿಗೆ ಏನು ಮಾಡಿಸಿದಿರಿ? ಮಳೆಯಲ್ಲೋ ಬಿಸಿಲಲ್ಲೋ? ತಿರುವಿನಲ್ಲೋ, ಹಳ್ಳ ಹಾರಿದಾಗಲೋ? ಹೊಸ ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್, ಅಲಾರಂ, ಹಿಂದಿನ ಕ್ಯಾಮೆರಾ ಹಾಕಿಸಿದ್ದೀರಾ? ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿದ ಚಿಕ್ಕ ಡಬ್ಬಿಯೇನಾದರೂ ಇದ್ದರೆ ಮೊದಲು ಅದನ್ನು ಕಿತ್ತು ಪಕ್ಕಕ್ಕಿಡಿ. ಟ್ರ್ಯಾಕರಿನ ವೈರನ್ನು ಕ್ಯಾನ್ ಜೋಡಿಗೆ ಕಚ್ಚಿಸಿದ್ದರಿಂದ ಇಡೀ ಬಸ್ ಸತ್ತುಹೋದ ಕಾರುಗಳನ್ನು ನಾನು ಒಂದಲ್ಲ, ಹಲವು ನೋಡಿದ್ದೇನೆ. ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ ಹೊರಗಿನಿಂದ ಬಂದು ಸೇರಿದ್ದನ್ನೆಲ್ಲ ಬಿಡಿಸಿ ನೋಡಬೇಕು.

ಆಮೇಲೆ ಬ್ಯಾಟರಿ. ಇಂಜಿನ್ ನಿಂತಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಮಾಡ್ಯೂಲ್‌ಗಳು ಒಂದೊಂದಾಗಿ ರೀಸೆಟ್ ಆಗುತ್ತವೆ, ಪರಸ್ಪರ ಕಾಣೆಯಾದವೆಂದು ಕೋಡ್ ಬರೆದುಕೊಳ್ಳುತ್ತವೆ. ಹೊರಗಿನ ಬ್ಯಾಟರಿಯಿಂದ ಜಂಪ್ ಮಾಡಿ ಸ್ಟಾರ್ಟ್ ಮಾಡಿದ ಕಾರಿನಲ್ಲಿ ಇಪ್ಪತ್ತು ಕೋಡ್ ಸಿಕ್ಕರೆ ಹೆದರಬೇಡಿ. ಬರೆದಿಟ್ಟುಕೊಂಡು, ಅಳಿಸಿ, ಒಳ್ಳೆಯ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಮತ್ತೆ ಬಂದದ್ದು ಮಾತ್ರ ನಿಜವಾದ ಕೋಡ್.

ಇಲ್ಲಿ ಎಚ್ಚರಿಕೆಯ ಮಾತು. ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಅವುಗಳಿಗೆ ಮೀಟರಿನ ಮೊನೆ ಇಡಲೇಬೇಡಿ. ಆ ಭಾಗ ಬಿಚ್ಚಬೇಕಾದರೆ ಬ್ಯಾಟರಿ ನೆಗೆಟಿವ್ ತೆಗೆದು, ಆ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದೇ ಮುಟ್ಟಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ತರಬೇತಿಯಿಲ್ಲದವರು ಮುಟ್ಟುವಂಥದ್ದಲ್ಲ. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಕ್ಯಾನ್ ವೈರಿಗೆ ತಾಗಿಸಬಾರದು, ಅದು ಎಳೆಯುವ ಕರೆಂಟಿಗೆ ಮಾಡ್ಯೂಲಿನೊಳಗಿನ ಡ್ರೈವರ್ ಚಿಪ್ ಸುಟ್ಟೀತು. ವೈರಿಗೆ ಸೂಜಿ ಚುಚ್ಚುವ ಅಭ್ಯಾಸವಿದ್ದರೆ ಇಂದೇ ಬಿಡಿ. ಚುಚ್ಚಿದ ತೂತಿನಿಂದ ನೀರು ಇಳಿದು ಆರು ತಿಂಗಳ ನಂತರ ಒಳಗೆ ತಾಮ್ರ ಕಿಲುಬು ಹಿಡಿಯುತ್ತದೆ. ಕನೆಕ್ಟರಿನ ಹಿಂಬದಿಯಿಂದ ತೆಳು ಪಿನ್ ಇಳಿಸಿ ಅಳೆಯುವುದೇ ಸರಿಯಾದ ದಾರಿ.

ಕಾಗದದ ಮೇಲೆ ಎರಡು ಕಾಲಂ

ಸ್ಕ್ಯಾನರ್ ಹಾಕಿ ಬರೀ ಇಂಜಿನ್ ಓದಿದರೆ ಸಾಲದು. ಕಾರಿನ ಎಲ್ಲ ಮಾಡ್ಯೂಲ್‌ಗಳನ್ನೂ ಕರೆಯುವಂಥ ಸ್ಕ್ಯಾನರ್ ಬೇಕು. ಮೊಬೈಲಿಗೆ ಜೋಡಿಸುವ ಅಗ್ಗದ ಡಾಂಗಲ್‌ಗಳು ಸಾಮಾನ್ಯವಾಗಿ ಇಂಜಿನ್ ಕೋಡ್ ತನಕ ಮಾತ್ರ ಹೋಗುತ್ತವೆ, ಈ ಕೆಲಸಕ್ಕೆ ಅವು ಕುರುಡು.

ನಾನು ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಎಳೆಯುತ್ತೇನೆ. ಎಡಗಡೆ, ಕರೆದಾಗ ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ. ಬಲಗಡೆ, ಯಾರು ಯಾರ ಮೇಲೆ ದೂರು ಬರೆದಿದ್ದಾರೆ. ನೆಟ್‌ವರ್ಕ್ ಕೋಡ್‌ಗಳು ಯು ಅಕ್ಷರದಿಂದ ಶುರುವಾಗುತ್ತವೆ. ಯು0100 ಎಂದರೆ ಇಂಜಿನ್ ಮಾಡ್ಯೂಲ್ ಜೊತೆ ಸಂಪರ್ಕ ತಪ್ಪಿದೆ, ಯು0101 ಗೇರ್‌ಬಾಕ್ಸ್ ಮಾಡ್ಯೂಲ್, ಯು0121 ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್, ಯು0140 ಬಾಗಿಲು, ದೀಪ ಮುಂತಾದವನ್ನು ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್, ಯು0155 ಡ್ಯಾಶ್‌ಬೋರ್ಡ್ ಕ್ಲಸ್ಟರ್. ಯು0073 ಬಂದರೆ ದೂರು ಒಂದು ಮಾಡ್ಯೂಲಿನ ಮೇಲಲ್ಲ, ಬಸ್ಸಿನ ಮೇಲೇ.

ಹಾಳೆ ತುಂಬಿದ ಮೇಲೆ ನೋಡಿ. ಎಲ್ಲರ ಬೆರಳೂ ಒಂದೇ ಮಾಡ್ಯೂಲಿನ ಕಡೆ ತೋರಿಸುತ್ತಿದ್ದು, ಆ ಮಾಡ್ಯೂಲ್ ಕರೆದರೆ ಓಗೊಡದಿದ್ದರೆ, ದೋಷ ಆ ಮಾಡ್ಯೂಲಿನ ಸುತ್ತ ಇದೆ: ಅದರ ಪವರ್, ಅದರ ಅರ್ಥ್, ಅದಕ್ಕೆ ಹೋಗುವ ಕವಲು ವೈರ್, ಕೊನೆಯದಾಗಿ ಆ ಮಾಡ್ಯೂಲ್. ಎಲ್ಲರೂ ಎಲ್ಲರ ಮೇಲೂ ದೂರು ಕೊಟ್ಟಿದ್ದರೆ ದೋಷ ಹೆದ್ದಾರಿಯಲ್ಲೇ, ಅಂದರೆ ಬಸ್ಸಿನ ಮುಖ್ಯ ಜೋಡಿಯಲ್ಲೇ ಇದೆ. ಒಂದು ಗುಂಪು ಮಾತ್ರ ಕಾಣೆಯಾಗಿದ್ದರೆ ವೈರಿಂಗ್ ಡಯಾಗ್ರಾಂ ತೆಗೆದು ಆ ಗುಂಪಿಗೆಲ್ಲ ಸಾಮಾನ್ಯವಾದದ್ದು ಏನೆಂದು ಹುಡುಕಿ. ಒಂದೇ ಫ್ಯೂಸ್, ಒಂದೇ ಅರ್ಥ್ ಬೋಲ್ಟ್, ಒಂದೇ ಜಂಕ್ಷನ್ ಕನೆಕ್ಟರ್ ಸಿಕ್ಕೇ ಸಿಗುತ್ತದೆ. ಈ ಹಾಳೆಗೆ ಕಳೆಯುವ ಇಪ್ಪತ್ತು ನಿಮಿಷ ಇಡೀ ಕೆಲಸದಲ್ಲಿ ಬೆಲೆಬಾಳುವ ಇಪ್ಪತ್ತು ನಿಮಿಷ ಎಂದು ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗನಿಗೆ ದಿನಾ ಹೇಳುತ್ತೇನೆ. ಬ್ಯಾಟರಿ ಬಿಚ್ಚಿದರೆ ಕೆಲವು ಕೋಡ್ ಅಳಿಸಿಹೋಗುತ್ತವೆ, ಆದ್ದರಿಂದ ಈ ಹಾಳೆ ಮೊದಲು, ಸ್ಪ್ಯಾನರ್ ಆಮೇಲೆ.

ಒಂದು ಉದಾಹರಣೆ. ಒಂದು ಕಾರಿನಲ್ಲಿ ಇಂಜಿನ್, ಸ್ಟೀರಿಂಗ್, ಕ್ಲಸ್ಟರ್ ಮೂರೂ ಯು0121 ಬರೆದಿದ್ದವು. ಎಬಿಎಸ್ ಘಟಕವನ್ನು ಆಗಲೇ ಬದಲಾಯಿಸಲಾಗಿತ್ತು, ದೋಷ ಹೋಗಿರಲಿಲ್ಲ. ನಾನು ಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಮೊನೆಯನ್ನು ಎಬಿಎಸ್ ಕನೆಕ್ಟರಿನ ಅರ್ಥ್ ಪಿನ್ನಿಗೆ ಹಿಂದಿನಿಂದ ಇಟ್ಟೆ. ಕೀ ಆನ್ ಇದ್ದಾಗ 0.04 ವೋಲ್ಟ್, ಏನೂ ತಪ್ಪಿಲ್ಲ. ಸ್ಕ್ಯಾನರಿನಿಂದ ಎಬಿಎಸ್ ಪಂಪ್ ಓಡಿಸಿದೆ. ಮೀಟರ್ 1.8ಕ್ಕೆ ಹಾರಿತು. ಹೆಡ್‌ಲ್ಯಾಂಪ್ ಹಿಂದಿನ ಅರ್ಥ್ ಬೋಲ್ಟ್ ಬಿಚ್ಚಿದರೆ ವಾಷರಿನ ಅಡಿಯಲ್ಲಿ ಬಣ್ಣದ ಪದರವಿತ್ತು. ಹಿಂದೆ ಡೆಂಟಿಂಗ್ ಮಾಡಿದವರು ಬೋಲ್ಟ್ ಜಾಗಕ್ಕೂ ಪೇಂಟ್ ಹೊಡೆದು ಮೇಲೆಯೇ ಬಿಗಿದಿದ್ದರು. ಕೆರೆದು ಬಿಗಿದ ಮೇಲೆ ಪಂಪ್ ಓಡುವಾಗಲೂ 0.06. ಲೋಡ್ ಇಲ್ಲದೆ ಅರ್ಥ್ ಅಳೆದರೆ ಎಲ್ಲ ಅರ್ಥ್‌ಗಳೂ ಒಳ್ಳೆಯವೇ. ಕೆಲಸ ಮಾಡುತ್ತಿರುವಾಗ 0.2 ವೋಲ್ಟ್ ದಾಟಿದರೆ ನಾನು ಬಿಚ್ಚಿ ನೋಡದೆ ಬಿಡುವುದಿಲ್ಲ.

60 ಓಮ್ ಹುಡುಕುವುದು

ಇದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ, ಆದರೆ ತಪ್ಪಾಗಿ ಮಾಡುವವರೇ ಹೆಚ್ಚು. ಬಸ್ಸಿನಲ್ಲಿ ಮಾತು ನಡೆಯುತ್ತಿರುವಾಗ ಓಮ್ ಅಳೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಕೀ ತೆಗೆದರಷ್ಟೇ ಸಾಲದು, ಬಾಗಿಲು ತೆರೆದಿದ್ದರೂ ಬಾಡಿ ಮಾಡ್ಯೂಲ್ ಎಚ್ಚರವಾಗಿಯೇ ಇರುತ್ತದೆ. ನಾನು ಬ್ಯಾಟರಿಯ ನೆಗೆಟಿವ್ ತೆಗೆದು ಐದು ನಿಮಿಷ ಬಿಡುತ್ತೇನೆ. ಬ್ಯಾಟರಿ ತೆಗೆಯಲಾಗದ ಪರಿಸ್ಥಿತಿ ಇದ್ದರೆ ಬಾಗಿಲ ಬೀಗದ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಂದು, ಕಾರು ನಿದ್ದೆಗೆ ಹೋಗುವ ತನಕ ಕಾಯುತ್ತೇನೆ. ಆಮೇಲೆ ಆ ನಾಲಿಗೆಯನ್ನು ಬಿಡಿಸದೆ ಬಾಗಿಲು ಹಾಕಿದರೆ ಬೀಗ ಮುರಿಯುತ್ತದೆ, ನೆನಪಿರಲಿ.

ಮೀಟರಿನ ಎರಡು ಮೊನೆ ತಾಗಿಸಿ, ವೈರಿನದೇ ಓಮ್ ಎಷ್ಟೆಂದು ನೋಡಿ ಕಳೆಯಿರಿ. ಈಗ 6 ಮತ್ತು 14ರ ನಡುವೆ ಅಳೆಯಿರಿ.

60ರ ಆಸುಪಾಸು ಬಂದರೆ ಎರಡು ತುದಿಗಳೂ ಇವೆ, ನಡುವಿನ ಮುಖ್ಯ ಜೋಡಿ ತುಂಡಾಗಿಲ್ಲ. 120 ಬಂದರೆ ಒಂದು ತುದಿ ಕಾಣೆಯಾಗಿದೆ: ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ರೆಸಿಸ್ಟರ್ ಇರುವ ಮಾಡ್ಯೂಲಿನ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಸೊನ್ನೆಯಿಂದ ಹತ್ತರೊಳಗೆ ಬಂದರೆ ಹೈ ಮತ್ತು ಲೋ ಒಂದಕ್ಕೊಂದು ತಾಗಿವೆ. 40 ಬಂದರೆ ಮೂರನೆಯ 120 ಎಲ್ಲಿಂದಲೋ ಬಂದು ಸೇರಿದೆ. ಬೇರೆ ಮಾದರಿಯ ಹಳೆಯ ಮಾಡ್ಯೂಲ್ ತಂದು ಹಾಕಿದ ಕಾರಿನಲ್ಲಿ ನಾನು ಇದನ್ನು ನೋಡಿದ್ದೇನೆ, ಒಳಗೇ ರೆಸಿಸ್ಟರ್ ಇದ್ದ ಮಾಡ್ಯೂಲನ್ನು ಇಲ್ಲದ ಜಾಗಕ್ಕೆ ಹಾಕಿದ್ದರು. ಏನೂ ತೋರಿಸದಿದ್ದರೆ ಮೊದಲು ಒಬಿಡಿ ಕನೆಕ್ಟರಿಗೆ ಬರುವ ಕವಲು ವೈರನ್ನೇ ಅನುಮಾನಿಸಿ, ವಿಶೇಷವಾಗಿ ಕಾರು ಚೆನ್ನಾಗಿ ಓಡುತ್ತಿದ್ದು ಸ್ಕ್ಯಾನರ್ ಮಾತ್ರ ಮಾತಾಡದಿದ್ದಾಗ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ಒಬಿಡಿ ಸಾಕೆಟ್ಟಿಗೂ ಒಳಗಿನ ಬಸ್‌ಗಳಿಗೂ ನಡುವೆ ಸಂದೇಶಗಳನ್ನು ಆಚೆ ಈಚೆ ದಾಟಿಸುವ ಗೇಟ್‌ವೇ ಮಾಡ್ಯೂಲ್ ಕೂತಿರುತ್ತದೆ. ಆಗ 6 ಮತ್ತು 14ರಲ್ಲಿ ನೀವು ಅಳೆಯುವುದು ಸಾಕೆಟ್ಟಿನಿಂದ ಗೇಟ್‌ವೇ ತನಕದ ತುಂಡನ್ನು ಮಾತ್ರ. ಅಲ್ಲಿ ಏನು ಬರಬೇಕೆಂಬುದೂ ಕಾರಿನಿಂದ ಕಾರಿಗೆ ಬೇರೆ. ಒಳಗೆ ಇಂಜಿನ್ ಬಸ್ ಸತ್ತಿದ್ದರೂ ಹೊರಗೆ ಮೀಟರ್ ನೆಮ್ಮದಿಯಾಗಿ 60 ತೋರಿಸಬಹುದು. ಡಯಾಗ್ರಾಂ ನೋಡಿ ಗೇಟ್‌ವೇ ಕನೆಕ್ಟರಿನಲ್ಲಿ ಪ್ರತಿಯೊಂದು ಬಸ್ಸಿನ ಜೋಡಿಯನ್ನೂ ಬೇರೆ ಬೇರೆ ಅಳೆಯಬೇಕು.

60 ಬಂದ ಮಾತ್ರಕ್ಕೆ ಬಸ್ ಆರೋಗ್ಯವಾಗಿದೆ ಎಂದೂ ಅಲ್ಲ. ವೈರ್ ಅರ್ಥ್‌ಗೆ ತಾಗಿದ್ದರೂ ಹೈ ಮತ್ತು ಲೋ ನಡುವೆ 60 ಹಾಗೇ ಇರುತ್ತದೆ. ಆದ್ದರಿಂದ ಮುಂದೆ ವೋಲ್ಟೇಜ್. ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಅರ್ಥ್‌ನಿಂದ ಒಂದೊಂದೇ ಅಳೆಯಿರಿ. ಮೀಟರ್ ಸರಾಸರಿ ತೋರಿಸುವುದರಿಂದ ಹೈ 2.6ರಿಂದ 2.8, ಲೋ 2.2ರಿಂದ 2.4 ಬರಬೇಕು. ಎರಡನ್ನೂ ಕೂಡಿದರೆ 5ರ ಹತ್ತಿರ. ಎರಡೂ ಒಂದೇ ಸಮ 2.5ರಲ್ಲಿ ನಿಂತಿದ್ದರೆ ಒಂದೋ ತಾಗಿಕೊಂಡಿವೆ, ಇಲ್ಲ ಯಾರೂ ಮಾತಾಡುತ್ತಿಲ್ಲ. ಬ್ಯಾಟರಿ ವೋಲ್ಟೇಜ್ ಕಂಡರೆ ಯಾವುದೋ ಪವರ್ ವೈರ್ ತಾಗಿದೆ. ಸೊನ್ನೆಯ ಹತ್ತಿರ ಬಿದ್ದಿದ್ದರೆ ಅರ್ಥ್‌ಗೆ ತಾಗಿದೆ.

ಅರ್ಥ್‌ಗೆ ತಾಗಿದ್ದು ಹೈ ವೈರೋ ಲೋ ವೈರೋ ಎಂದು ಅಲ್ಲೇ ಗೊತ್ತಾಗುವುದಿಲ್ಲ, ಏಕೆಂದರೆ ನಡುವಿನ 60 ಓಮ್ ಮೂಲಕ ಒಂದು ಇನ್ನೊಂದನ್ನೂ ಕೆಳಗೆಳೆಯುತ್ತದೆ. ಬ್ಯಾಟರಿ ತೆಗೆದು ಎರಡನ್ನೂ ಅರ್ಥ್‌ಗೆ ಓಮ್‌ನಲ್ಲಿ ಅಳೆಯಿರಿ. ಆರೋಗ್ಯವಾಗಿದ್ದರೆ ಎರಡೂ ಸಾವಿರಗಟ್ಟಲೆ ಓಮ್. ಒಂದು 0.5, ಇನ್ನೊಂದು 60.5 ಬಂದರೆ 0.5 ತೋರಿಸಿದ್ದೇ ನೇರವಾಗಿ ತಾಗಿರುವ ವೈರ್. ಈ ಚಿಕ್ಕ ಲೆಕ್ಕ ನನಗೆ ಎಷ್ಟು ಹೊತ್ತು ಉಳಿಸಿದೆಯೋ ಲೆಕ್ಕವಿಲ್ಲ. ಲೋ ವೈರ್ ಅರ್ಥ್‌ಗೆ ತಾಗಿದರೆ ಕೆಲವು ಕಾರುಗಳು ಕುಂಟುತ್ತಾ ಓಡುತ್ತಲೇ ಇರುತ್ತವೆ. ಹೈ ತಾಗಿದರೆ ಬಸ್ ಅಲ್ಲಿಗೇ ನಿಲ್ಲುತ್ತದೆ.

ಅರ್ಧ ಮಾಡುತ್ತಾ ಹೋಗುವುದು

ಈಗ ಆ ಅಣ್ಣತಮ್ಮಂದಿರ ಕಾರಿಗೆ ಬರೋಣ. ಅಣ್ಣ ತಂದು ನಿಲ್ಲಿಸಿದಾಗ ಎಲ್ಲ ಮಾಡ್ಯೂಲ್‌ಗಳೂ ಉತ್ತರ ಕೊಟ್ಟವು, ಎಲ್ಲದರಲ್ಲೂ ಎಲ್ಲರ ಮೇಲೆ ಹಳೆಯ ದೂರು. ಅಂದರೆ ಹೆದ್ದಾರಿಯ ದೋಷ. 6 ಮತ್ತು 14ರ ನಡುವೆ 60. "ನೀವು ಕೂತು ಸ್ಟಾರ್ಟ್ ಮಾಡಿ" ಎಂದು ತಮ್ಮನಿಗೆ ಹೇಳಿದೆ. ಕೂತರು, ಕೀ ತಿರುಗಿಸಿದರು, ಎಲ್ಲ ದೀಪವೂ ಹತ್ತಿತು, ಸ್ಕ್ಯಾನರ್ ಸಂಪರ್ಕ ಕಳೆದುಕೊಂಡಿತು. "ನೋಡಿ ಮೇಡಂ, ನಾನು ಹೇಳಲಿಲ್ವಾ" ಎಂದರು ಬೇಸರದಿಂದ. ಏನೂ ಅಲುಗಿಸದೆ ಇಳಿಯಿರಿ ಎಂದು ಹೇಳಿ ಬ್ಯಾಟರಿ ತೆಗೆದು ಅಳೆದರೆ 4 ಓಮ್. ದೋಷ ನನ್ನೆದುರು ನಿಂತಿತ್ತು. ಬಂದು ಹೋಗುವ ದೋಷ ಹೀಗೆ ಕೈಗೆ ಸಿಕ್ಕಾಗ ಬಾಗಿಲನ್ನೂ ಜೋರಾಗಿ ಹಾಕಬಾರದು.

ಡ್ಯಾಶ್‌ಬೋರ್ಡ್ ಕೆಳಗೆ ಮುಂದಿನ ಹಾರ್ನೆಸ್ಸೂ ಹಿಂದಿನ ಹಾರ್ನೆಸ್ಸೂ ಕೂಡುವ ಜಂಕ್ಷನ್ ಕನೆಕ್ಟರ್ ಇತ್ತು. ಆ ಕಾರಿನಲ್ಲಿ ಒಂದು 120 ಇಂಜಿನ್ ಮಾಡ್ಯೂಲಿನಲ್ಲಿ, ಇನ್ನೊಂದು ಹಿಂದಿನ ಒಂದು ಮಾಡ್ಯೂಲಿನಲ್ಲಿ. ಕನೆಕ್ಟರ್ ಬಿಡಿಸಿ ಎರಡು ಕಡೆಯನ್ನೂ ಬೇರೆ ಬೇರೆ ಅಳೆದೆ. ಮುಂದಿನ ಅರ್ಧ 120, ಅಂದರೆ ಶುದ್ಧ. ಹಿಂದಿನ ಅರ್ಧ 4. ಒಂದೇ ಕನೆಕ್ಟರ್ ಬಿಚ್ಚಿದ್ದಕ್ಕೆ ಅರ್ಧ ಕಾರು ಅನುಮಾನದಿಂದ ಹೊರಬಿತ್ತು. ರಿಪೇರಿಗೆ ಹೋಗಿಬಂದಿದ್ದ ಇಸಿಯು ಆ ಶುದ್ಧ ಅರ್ಧದಲ್ಲಿತ್ತು.

ಹಿಂದಿನ ಅರ್ಧದಲ್ಲಿ ಒಂದೊಂದೇ ಮಾಡ್ಯೂಲ್ ಬಿಡಿಸುತ್ತಾ ಮೀಟರ್ ನೋಡಿದೆವು. ಬದಲಾವಣೆ ಇಲ್ಲ. ಇಲ್ಲಿ ಹಲವರು ಮಾಡುವ ತಪ್ಪೊಂದಿದೆ, ಮಾಡ್ಯೂಲಿನ ಫ್ಯೂಸ್ ಕಿತ್ತು ನೋಡುವುದು. ಮಾಡ್ಯೂಲಿನ ಒಳಗೇ ಕ್ಯಾನ್ ಚಿಪ್ ಶಾರ್ಟ್ ಆಗಿದ್ದರೆ ಫ್ಯೂಸ್ ಕಿತ್ತರೂ ಶಾರ್ಟ್ ಹೋಗುವುದಿಲ್ಲ. ಕನೆಕ್ಟರನ್ನೇ ಬಿಡಿಸಬೇಕು. ಕೆಲವು ಕಾರುಗಳಲ್ಲಿ ಬಸ್ ಒಂದು ಮಾಡ್ಯೂಲಿನೊಳಗೆ ಹೊಕ್ಕು ಆಚೆ ಹೊರಟು ಮುಂದಿನದಕ್ಕೆ ಹೋಗುತ್ತದೆ ಎಂಬುದೂ ಗೊತ್ತಿರಲಿ. ಅಲ್ಲಿ ಒಂದನ್ನು ಬಿಡಿಸಿದರೆ ಅದರಾಚೆಯ ಎಲ್ಲವೂ ಕಡಿದುಹೋಗುತ್ತವೆ, ಓಮ್ ಬದಲಾದ ಮಾತ್ರಕ್ಕೆ ಆ ಮಾಡ್ಯೂಲೇ ಅಪರಾಧಿ ಎಂದು ತೀರ್ಮಾನಿಸಬೇಡಿ.

ಮಾಡ್ಯೂಲ್ ಯಾವುದೂ ಅಲ್ಲವೆಂದರೆ ಉಳಿದದ್ದು ವೈರ್. ಹಾರ್ನೆಸ್ ಡ್ರೈವರ್ ಸೀಟಿನ ಕೆಳಗೆ ಕಾರ್ಪೆಟ್ ಅಡಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು. ಆಗ ನನಗೆ ಹೊಳೆಯಿತು. ತಮ್ಮ ಅಣ್ಣನಿಗಿಂತ ಒಂದು ಗೇಣು ಎತ್ತರ. ಕೂತ ತಕ್ಷಣ ಮೊದಲು ಮಾಡುವ ಕೆಲಸ ಸೀಟನ್ನು ಹಿಂದಕ್ಕೆ ತಳ್ಳುವುದು. ಹುಡುಗನ ಕೈಗೆ ಮೀಟರ್ ಕೊಟ್ಟು ಸೀಟನ್ನು ಮೆಲ್ಲಗೆ ಮುಂದಕ್ಕೆ ಎಳೆದೆ. "ಅಕ್ಕಾ, ನೂರಿಪ್ಪತ್ತು ಬಂತು!" ಎಂದ. ಹಿಂದಕ್ಕೆ ತಳ್ಳಿದೆ. "ನಾಲ್ಕು."

ಸೀಟ್ ಎತ್ತಿ ನೋಡಿದರೆ ಹಾರ್ನೆಸ್ಸಿನ ಕ್ಲಿಪ್ ಅದರ ತೂತಿನಿಂದ ಹೊರಬಂದಿತ್ತು. ಹೊಸ ಸೀಟ್ ಕವರ್ ಹಾಕಲು ಸೀಟ್ ಬಿಚ್ಚಿದವರು ಅದನ್ನು ವಾಪಸ್ ಕೂರಿಸಿರಲಿಲ್ಲ. ಸೀಟನ್ನು ಹಿಂದಕ್ಕೆ ತಳ್ಳಿದಾಗ ಅದು ಜಾರುವ ಹಳಿಯ ಕಂಬಿಯ ಚೂಪು ಅಂಚು ವೈರ್ ಜೋಡಿಯ ಮೇಲೆ ಕೂರುತ್ತಿತ್ತು. ಎರಡು ವೈರ್‌ಗಳ ಮೇಲೂ ಎದುರುಬದುರಾಗಿ ಎಳ್ಳುಕಾಳಿನಷ್ಟು ಗಾಯ, ಒಳಗೆ ಹೊಳೆಯುವ ತಾಮ್ರ. ಅಷ್ಟೇ.

ಬಂದು ಹೋಗುವ ದೋಷ ನಿಮ್ಮೆದುರು ಬಾರದಿದ್ದರೆ ಬರಿಸಬೇಕು. ಮೀಟರ್ ಜೋಡಿಸಿಟ್ಟು ಹಾರ್ನೆಸ್ ಅಲುಗಿಸಿ, ಬಾಗಿಲುಗಳನ್ನು ನಿಧಾನಕ್ಕೆ ತೆರೆದು ಮುಚ್ಚಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಅನುಮಾನ ಬಂದ ಕನೆಕ್ಟರಿಗೆ ಬಿಸಿಗಾಳಿ ಕೊಡಿ. ಬಾಗಿಲು ಮತ್ತು ಡಿಕ್ಕಿಯ ರಬ್ಬರ್ ಕೊಳವೆಯೊಳಗೆ ಮಡಚಿ ಮಡಚಿ ತುಂಡಾದ ವೈರ್, ಟೈಲ್‌ಲ್ಯಾಂಪಿನಿಂದ ನೀರಿಳಿದು ಕಿಲುಬು ಹಿಡಿದ ಕನೆಕ್ಟರ್, ಕಾರ್ಪೆಟ್ ಅಡಿ ನೆನೆದ ಸ್ಪಾಂಜ್, ಬಾನೆಟ್ ಒಳಗೆ ಇಲಿ ಕಡಿದ ಜಾಗ: ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ದೋಷ ಇಷ್ಟರಲ್ಲೇ ಸಿಗುತ್ತವೆ. ದೋಷ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇದ್ದರೂ ಪರಿಣಾಮ ಬಹಳ ಹೊತ್ತು ಇರಬಹುದು, ಅದಕ್ಕೂ ಕಾರಣವಿದೆ. ಪ್ರತಿ ಮಾಡ್ಯೂಲ್ ತನ್ನ ತಪ್ಪಿನ ಲೆಕ್ಕ ಇಡುತ್ತದೆ. ಕಳಿಸಿದ ಸಂದೇಶ ಕೆಟ್ಟರೆ 8 ಕೂಡುತ್ತದೆ, ಸರಿಯಾಗಿ ಹೋದರೆ 1 ಕಳೆಯುತ್ತದೆ. ಲೆಕ್ಕ 255 ದಾಟಿದರೆ ಬೇರೆಯವರ ಮಾತಿಗೆ ಅಡ್ಡಿಯಾಗದಿರಲೆಂದು ತಾನೇ ಬಸ್ಸಿನಿಂದ ಹೊರಗೆ ಕೂರುತ್ತದೆ. ಮರಳಿ ಬರುವುದು ಯಾವಾಗ ಎಂಬುದು ಅದರ ಪ್ರೋಗ್ರಾಂ ಮೇಲೆ ನಿಂತಿದೆ, ಕೆಲವದು ಕೀ ಆಫ್ ಮಾಡಿ ಆನ್ ಮಾಡಿದ ಮೇಲೆಯೇ.

ಸ್ಕೋಪ್ ಇದ್ದರೆ

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ, ಎರಡು ಚಾನೆಲ್ಲಿನ ಆಸಿಲೋಸ್ಕೋಪ್ ಇದ್ದವರು ಅದೃಷ್ಟವಂತರು. ಒಂದು ಚೌಕಕ್ಕೆ 1 ವೋಲ್ಟ್, 20 ಮೈಕ್ರೋಸೆಕೆಂಡ್ ಇಟ್ಟು ಹೈ ಮತ್ತು ಲೋ ಎರಡನ್ನೂ ನೋಡಿ. ಸಾಮಾನ್ಯವಾದ 500 ಕಿಲೋಬಿಟ್ ವೇಗದಲ್ಲಿ ಒಂದು ಬಿಟ್ 2 ಮೈಕ್ರೋಸೆಕೆಂಡ್. ಕನ್ನಡಿಯಲ್ಲಿ ಕಂಡಂತೆ ಒಂದು ಮೇಲೆ, ಒಂದು ಕೆಳಗೆ, ಚೌಕಾಕಾರದ ಅಂಚು ಕಾಣಬೇಕು. ಅಂಚಿನಲ್ಲಿ ಅಲೆ ಅಲೆಯಾಗಿ ನಡುಗುತ್ತಿದ್ದರೆ ಟರ್ಮಿನೇಷನ್, ಅಂದರೆ ತುದಿಯ 120 ಓಮ್ ಹೋಗಿದೆ. ಪ್ರತಿ ಸಂದೇಶದ ಕೊನೆಯ ಹತ್ತಿರ ಒಂದೇ ಒಂದು ಬಿಟ್ ಮಿಕ್ಕವಕ್ಕಿಂತ ಎತ್ತರವಾಗಿದ್ದರೆ ಗಾಬರಿ ಬೇಡ. "ಮುಟ್ಟಿತು" ಎಂದು ಎಲ್ಲ ಮಾಡ್ಯೂಲ್‌ಗಳೂ ಒಟ್ಟಿಗೆ ಹೇಳುವ ಬಿಟ್ ಅದು, ಹಲವರು ಒಟ್ಟಿಗೆ ಎಳೆಯುವುದರಿಂದ ಎತ್ತರ ಹೆಚ್ಚು.

ಕಿಟಕಿ, ಕನ್ನಡಿ, ವೈಪರ್ ಮುಂತಾದ ನಿಧಾನದ ಕೆಲಸಗಳಿಗೆ ಲಿನ್ ಎಂಬ ಒಂದೇ ವೈರಿನ ಬಸ್ ಇರುತ್ತದೆ. ಇದರಲ್ಲಿ ಓಮ್ ಪರೀಕ್ಷೆ ಇಲ್ಲ. ಸುಮ್ಮನಿದ್ದಾಗ ಬ್ಯಾಟರಿ ವೋಲ್ಟೇಜಿನ ಹತ್ತಿರ ನಿಂತು, ಮಾತಾಡುವಾಗ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಯಾವಾಗಲೂ ಸೊನ್ನೆ ಇದ್ದರೆ ಅರ್ಥ್‌ಗೆ ತಾಗಿದೆ ಅಥವಾ ಒಡೆಯ ಮಾಡ್ಯೂಲ್ ಸತ್ತಿದೆ. ಅಲ್ಲೂ ಒಂದೊಂದೇ ಬಿಡಿಸಿ ನೋಡುವುದೇ ದಾರಿ.

ವೈರ್ ಜೋಡಿಸುವ ರೀತಿ

ಮಾಡ್ಯೂಲ್ ಮೇಲೇ ಅನುಮಾನ ಉಳಿದರೆ ಅದರ ಕನೆಕ್ಟರಿನಲ್ಲಿ ಪ್ರತಿ ಪವರ್ ಪಿನ್ನನ್ನೂ 21 ವ್ಯಾಟ್ ಬಲ್ಬ್ ಹಚ್ಚಿ ಪರೀಕ್ಷಿಸಿ. ಒಂದೇ ಎಳೆ ಉಳಿದ ವೈರೂ ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತದೆ, ಬಲ್ಬ್ ಮಾತ್ರ ಮಂಕಾಗುತ್ತದೆ. ಬ್ಯಾಟರಿ ಪವರ್, ಕೀ ಪವರ್, ಅರ್ಥ್, ಎಚ್ಚರಿಸುವ ವೈರ್ ಇದ್ದರೆ ಅದು, ಕ್ಯಾನ್ ಹೈ, ಕ್ಯಾನ್ ಲೋ, ಎಲ್ಲವೂ ಅದರ ಬಾಗಿಲಿಗೆ ಬಂದು ನಿಂತಿದ್ದೂ ಅದು ಮಾತಾಡದಿದ್ದರೆ ಮಾತ್ರ ಬದಲಾಯಿಸಿ. ಬದಲಾಯಿಸಿದ ಮೇಲೆ ಅದನ್ನು ಆ ಕಾರಿಗೆ ಹೊಂದಿಸುವ ಕೋಡಿಂಗ್ ಬೇಕಾಗುತ್ತದೆ, ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇದ್ದರೆ ಕೀ ಹೊಂದಿಸಬೇಕಾಗುತ್ತದೆ ಎಂದು ಮೊದಲೇ ಗಾಡಿಯವರಿಗೆ ಹೇಳಿಬಿಡಿ.

ಕ್ಯಾನ್ ವೈರ್ ಜೋಡಿಸುವಾಗ ಹುರಿ ಬಿಚ್ಚುವ ಉದ್ದ 50 ಮಿಲಿಮೀಟರ್ ಮೀರದಂತೆ ನೋಡಿಕೊಳ್ಳುತ್ತೇನೆ. ಎರಡು ವೈರ್‌ಗಳ ಉದ್ದ ಸಮನಾಗಿರಬೇಕು. ಎರಡೂ ಜಾಯಿಂಟ್ ಒಂದೇ ಜಾಗದಲ್ಲಿ ಎದುರುಬದುರು ಬರಬಾರದು, ಹಿಂದೆ ಮುಂದೆ ಇರಬೇಕು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ ಮತ್ತೆ ಹುರಿ ಹಾಕಿ. ಬರೀ ಟೇಪ್ ಸುತ್ತಿ ಕಾರ್ಪೆಟ್ ಅಡಿ ಬಿಡುವುದು ಕೆಲಸವಲ್ಲ, ಮುಂದಿನ ಮಳೆಗಾಲಕ್ಕೆ ಅದೇ ಕಾರು ಅದೇ ದೂರು ಹೊತ್ತು ವಾಪಸ್ ಬರುತ್ತದೆ.

ಎಲ್ಲ ಮುಗಿದ ಮೇಲೆ ಕೋಡ್ ಅಳಿಸಿ, ಎಲ್ಲ ಮಾಡ್ಯೂಲ್‌ಗಳನ್ನೂ ಮತ್ತೊಮ್ಮೆ ಕರೆದು ಹಳೆಯ ಹಾಳೆಯ ಪಕ್ಕ ಹೊಸ ಹಾಳೆ ಇಟ್ಟು ನೋಡಿ. ಓಡಿಸಿ, ಹಳ್ಳದಿಣ್ಣೆಯ ರಸ್ತೆಯಲ್ಲೂ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಕಾರು ನಿದ್ದೆಗೆ ಹೋದ ಮೇಲೆ ಬ್ಯಾಟರಿಯಿಂದ ಎಷ್ಟು ಕರೆಂಟ್ ಹರಿಯುತ್ತಿದೆ ಎಂದೂ ಅಳೆಯಿರಿ, ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಒಂದು ಮಾಡ್ಯೂಲ್ ಬಸ್ಸಿನಲ್ಲಿ ಗೊಣಗುತ್ತಾ ಎಚ್ಚರವಿದ್ದರೆ ಉಳಿದವೂ ಮಲಗುವುದಿಲ್ಲ, ಬೆಳಗ್ಗೆ ಬ್ಯಾಟರಿ ಖಾಲಿ.

ಆ ಕಾರಿನಲ್ಲಿ ಎರಡು ವೈರ್ ಜೋಡಿಸಿ, ಹಾರ್ನೆಸ್ಸಿಗೆ ಹೊಸ ಕ್ಲಿಪ್ ಹಾಕಿ ಹಳಿಯಿಂದ ನಾಲ್ಕು ಬೆರಳು ದೂರ ಕೂರಿಸಿದೆವು. ಸೀಟ್ ಬಿಗಿದು, ಬ್ಯಾಟರಿ ಜೋಡಿಸುವ ಮುಂಚೆ ಮೀಟರನ್ನು 6 ಮತ್ತು 14ಕ್ಕೆ ಹಾಕಿ ತಮ್ಮನನ್ನೇ ಕರೆದು ಕೂರಿಸಿದೆ. ಸೀಟನ್ನು ಕೊನೆಯ ತನಕ ಹಿಂದಕ್ಕೆ ತಳ್ಳಿ, ಮುಂದಕ್ಕೆ ಎಳೆಯಿರಿ, ಮತ್ತೆ ತಳ್ಳಿ ಎಂದೆ. ಇಪ್ಪತ್ತು ಸಲ ಎಳೆದಾಡಿದರು. ಹುಡುಗ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಮೊದಲಿನಿಂದ ಕೊನೆಯ ತನಕ 60.3.